ನೀಲಿ ಪೊರೆ

ಹೊರಗೆ ಮೈನಸ್ ಇಪ್ಪತ್ತೆಂಟು.
ಉಲಾನ್‌ಬಾತರಿನಲ್ಲಿ ರೆಪ್ಪೆಗೂದಲು ಒಂದಕ್ಕೊಂದು ಅಂಟುವ ಸಂಜೆ,
ನೆಲಮಾಳಿಗೆಯ ನನ್ನ ಅಂಗಡಿಗೆ ಇಳಿದು ಬಂದ ಹುಡುಗ
ಕೋಟಿನೊಳಗಿಂದ ಎಳೆಗುರಿಯನ್ನು ತೆಗೆವ ಹಾಗೆ
ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟ.
"ಜ್ವರ," ಅಂದ. "ಇಳೀತಾನೇ ಇಲ್ಲ."

ಹೆಸರು ಸೋದ್‌ಬಿಲೆಗ್. ಹದಿನಾರಿರಬಹುದು.
ತಾನೇ ಮಾಡಿನೋಡಿದ ಮದ್ದುಗಳನ್ನೆಲ್ಲ ಹೇಳಿದ:
ಅಡಿಗೆ ನಾಲ್ಕು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದ್ದು,
ಆಟದ ಬಣ್ಣ ಮಂಕಾಗಿಸಿ, ನೆರಳುಗಳನ್ನು ಆರಿಸಿದ್ದು,
ನೆರಳಿಲ್ಲದ ಸೈನಿಕರು ನೆರಳಿಲ್ಲದ ಮರಗಳ ನಡುವೆ ಓಡಿದ್ದು,
ಕೊನೆಗೆ ಕಿಟಕಿ ತೆರೆದು
ಹಿಮ ಕೂತ ಕಟ್ಟೆಯ ಮೇಲೇ ಇಟ್ಟು ಆಡಿದ್ದು.
"ಎಡಗೈ ಸುಡ್ತಿತ್ತು, ಬಲಗೈ ಮರಗಟ್ಟಿತ್ತು."
ಅಪ್ಪ ಬಂದು ಕಿಟಕಿ ಜಡಿದರಂತೆ:
ಕಲ್ಲಿದ್ದಲು ತರೋದು ಮನೆ ಕಾಯಿಸೋಕೆ, ಬೀದಿಯನ್ನಲ್ಲ.

"ತಂಡದಿಂದ ತೆಗೆದ್ರು," ಅಂದ, ಗೋಡೆ ನೋಡುತ್ತ.
"ಕೊನೇ ಸುತ್ತು. ನಾನು ಬಾಗಿಲು ಕಾಯ್ತಿದ್ದೆ.
ಪರದೆ ನಿಂತೇಬಿಡ್ತು.
ಮತ್ತೆ ಅಲುಗಾಡೋ ಹೊತ್ತಿಗೆ ಐವರೂ ಸತ್ತಿದ್ವಿ."

ಹನ್ನೊಂದು ತಿರುಪು. ಬಿಚ್ಚಿದ ಕ್ರಮದಲ್ಲೇ
ಖಾಲಿ ಮೊಟ್ಟೆತಟ್ಟೆಯ ಗುಳಿಗಳಲ್ಲಿ ಇಟ್ಟೆ.
ಫ್ಯಾನಿನ ಎಸಳುಗಳ ನಡುವೆ ಹೊಗೆಮಸಿ, ಬೆಕ್ಕಿನ ಕೂದಲು,
ಯಾರದೋ ಸ್ವೆಟರಿನ ಎಳೆ, ಎಲ್ಲ ಸೇರಿ
ನಮ್ಮ ಡೇರೆಗಳ ಕಂಬಳಿಗೋಡೆಯ ಹಾಗೆ ಗಟ್ಟಿ.
ಊದಿದೆ. ಕುಂಚದಿಂದ ಕೆದಕಿದೆ. ಕೆಮ್ಮಿದೆ.
ಇಷ್ಟಕ್ಕೆ ತೊಂಬತ್ತೇಳು ಡಿಗ್ರಿ ಏರುವುದಿಲ್ಲ.

ಒಳಮುಚ್ಚಳದ ಮೂಲೆಯಲ್ಲಿ ಪೆನ್ಸಿಲಿನ ತಾರೀಖು ಕಂಡಿತು,
ಎರಡು ವರ್ಷ ಹಳೆಯದು.
ಬಾಲ ಸೊಟ್ಟಗೆ ತಿರುಗುವ ಆ ಏಳು
ನನ್ನದೇ ಏಳು.

ತಾಮ್ರದ ಕೊಳವೆ ಎತ್ತಿದೆ.
ಚಿಪ್ಪಿನ ಮೇಲಿನ ಮೆತ್ತನೆ ಪಟ್ಟಿ, ಬಿಸಿಯನ್ನು ಹೀರಿ
ಆಚೆ ದಾಟಿಸಬೇಕಾದದ್ದು,
ಅದರ ಮೇಲೆ ನೀಲಿ ಪೊರೆ.
ಅಂಟಿಸುವ ಮೊದಲು ಸುಲಿಯಬೇಕಾದ ಪೊರೆ,
ಈರುಳ್ಳಿ ಸಿಪ್ಪೆಗಿಂತ ತೆಳುವು.
ನಾನು ಸುಲಿದಿರಲಿಲ್ಲ.

ಅಂದು ಯಾರ ಫೋನು ಬಂದಿತ್ತೋ,
ಯಾರು ಬಾಗಿಲಲ್ಲಿ ನಿಂತು ಅವಸರ ಮಾಡಿದರೋ.
ನೆನಪಿದ್ದರೂ ಏನು?
ಎರಡು ಚಳಿಗಾಲ ಈ ಹುಡುಗ
ಸುಡುವ ಕೈಯನ್ನು ತನ್ನದೇ ತಪ್ಪೆಂದು ಒರೆಸಿಕೊಂಡಿದ್ದಾನೆ.

ಅವನು ಹೀಟರಿನ ಪಕ್ಕ ತೂಕಡಿಸುತ್ತಿದ್ದ,
ಉಪ್ಪು ಹಾಕಿದ ಚಹಾ ತೊಡೆಯ ಮೇಲೆ ಓರೆಯಾಗಿ.
ಚಿಮಟ, ಒಂದು ಎಳೆತ,
ಕಸದ ಡಬ್ಬಿ ಕಾಲ ಬಳಿಯೇ ಇತ್ತು.
ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಳೆಯ ಲೇಪ ಸುಣ್ಣದಂತೆ ಉದುರಿತು, ಸ್ಪಿರಿಟ್ಟಿನಲ್ಲಿ ಒರೆಸಿದೆ.
ಹೊಸದು ಅಕ್ಕಿಕಾಳಿನಷ್ಟು, ಹೆಚ್ಚಿಲ್ಲ.
ಹನ್ನೊಂದು ತಿರುಪು ಮರಳಿ.
ಫ್ಯಾನು ಗಂಟಲು ಸರಿಮಾಡಿಕೊಂಡು ಹಾಡಿತು.
ಅವನ ಆಟವನ್ನೇ ಅರ್ಧ ಗಂಟೆ ಓಡಿಸಿದೆ:
ಎಪ್ಪತ್ತು, ಎಪ್ಪತ್ತೆರಡು, ಅಲ್ಲೇ ನಿಂತಿತು.

ಎಬ್ಬಿಸಿ, ಅಂಗೈ ಚಾಚು ಅಂದೆ. ಪೊರೆ ಇಟ್ಟೆ.
"ಇದು ಎಲ್ಲಿತ್ತು?"
"ನಾನು ಬಿಟ್ಟಲ್ಲಿ."

ಟ್ಯೂಬ್‌ಲೈಟಿಗೆ ಹಿಡಿದು ನೋಡಿದ.
ಒಂದು ಕಣ್ಣು ನೀಲಿಯಾಯಿತು.
ಬೈಯುತ್ತಾನೆ ಅಂದುಕೊಂಡೆ, ಬೈಯಲಿ ಅಂತಲೂ ಅಂದುಕೊಂಡೆ.
"ಬರೆದು ಕೊಡ್ತೀರಾ?" ಅಂದ.
"ತಂಡದವರಿಗೆ ತೋರಿಸ್ತೀನಿ."

ಬಿಲ್ಲಿನ ಹಾಳೆಯಲ್ಲಿ ದರದ ಜಾಗ ಖಾಲಿ ಬಿಟ್ಟು
ಬರೆದೆ: ಬಾಗಿಲು ಕಾಯುತ್ತಿದ್ದವನ ತಪ್ಪಿಲ್ಲ.
ಸಹಿ. ತಾರೀಖು. ಸೊಟ್ಟ ಬಾಲದ ಏಳು.

ಕೋಟಿನೊಳಗೆ ಎರಡನ್ನೂ ಸಿಕ್ಕಿಸಿ ಮೆಟ್ಟಿಲೇರಿದ,
ಅರ್ಧಕ್ಕೆ ನಿಂತು ತಿರುಗಿದ:
"ಈಗ ನೆರಳುಗಳನ್ನ ಹಾಕಬಹುದಾ?"

"ಹಾಕು," ಅಂದೆ. "ಎಲ್ಲಾನೂ ಹಾಕು."