ಏರಿಯ ಮೇಲಿನ ಕಾವಲು

ನೀರಿನ ಮಟ್ಟಕ್ಕಿಂತ ಕೆಳಗೆ ಮಲಗುವುದು
ಮೊದಲ ವಾರ ಕಷ್ಟ.
ಆಮೇಲೆ ಪಂಪಿನ ಸದ್ದೇ ಜೋಗುಳ.
ಅದು ನಿಂತರೆ ಮಾತ್ರ
ಬೆಂಟಿಯುವಿನ ಇಡೀ ಶಿಬಿರ
ಒಟ್ಟಿಗೆ ಎದ್ದು ಕೂರುತ್ತದೆ.

ಗಂಜೋರಿಗ್ ಬಂದದ್ದು ಗೋಬಿಯಿಂದ.
ಅಲ್ಲಿ ಬಾವಿಗೂ ಬಾವಿಗೂ ನಡುವೆ
ಒಂಟೆಯ ಒಂದು ಹಗಲು.
ಇಲ್ಲಿ ಅವನ ಕೆಲಸ, ಬೆಳಗಿನ ನಾಲ್ಕಕ್ಕೆ
ಬಂದೂಕು ಹೆಗಲಿಗೇರಿಸಿ ಏರಿಯ ಮೇಲೆ ನಡೆದು
ಕೆಂಪು ಬಿಳಿ ಪಟ್ಟೆಯ ಕೋಲಿಗೆ ಟಾರ್ಚು ಬಿಟ್ಟು
ನೀರು ಎಲ್ಲಿಗೆ ಮುಟ್ಟಿದೆ ಎಂದು ಓದುವುದು.

ಕಾವಲು ಪುಸ್ತಕ ಬೇರೆ ಯಾವುದೋ ಯುದ್ಧಕ್ಕೆ ಅಚ್ಚಾದದ್ದು.
ವೇಳೆ. ದಿಕ್ಕು. ಎಷ್ಟು ಮಂದಿ. ಆಯುಧ ಇತ್ತೆ?
ಅವನು ತುಂಬುತ್ತಾನೆ:
ನಾಲ್ಕು. ಎಲ್ಲ ದಿಕ್ಕು. ನೀರು. ಇಲ್ಲ.
ಷರಾ: ಎರಡು ಸೆಂಟಿಮೀಟರ್ ಮೇಲೆ ಬಂದಿದೆ.

ಆರಕ್ಕೆ ದಾವಾ ಪುಡಿಹಾಲಿನ ಚಹಾಕ್ಕೆ ಉಪ್ಪು ಹಾಕುತ್ತಾನೆ.
ಘಾನಾದ ಅಡೊಂಗೊ ಮೂರು ತಿಂಗಳಿಂದ
ಒಂದು ಗುಟುಕಿಗೆ ಮುಖ ಕಿವುಚಿ
ಇನ್ನೊಂದು ಲೋಟ ಕೇಳುತ್ತಾನೆ.
ಒಗೆದದ್ದು ಒಣಗದು. ಬೂಟಿನಲ್ಲಿ ಕಪ್ಪೆ.
ಮೊಳೆಗೆ ತೂಗಿದ ನೀಲಿ ಹೆಲ್ಮೆಟ್ಟಿನೊಳಗೆ
ಜೇಡವೊಂದು ಸಂಸಾರ ಹೂಡಿದೆ, ಯಾರೂ ಕೀಳಿಲ್ಲ.
ಇಳಿಹೊತ್ತಿಗೆ ವಾಲಿಬಾಲು.
ಚೆಂಡು ಏರಿ ದಾಟಿತೋ, ಆಟ ಮುಗಿಯಿತು.
ಮೊಸಳೆಯ ಮಾತು ಎತ್ತದೆ ಎಲ್ಲರೂ ಸ್ನಾನಕ್ಕೆ.

ಸಿಗ್ನಲ್ಲು ಸಿಗುವುದು ಮೂರನೇ ಕಂಟೇನರಿನ ಮಗ್ಗುಲಿಗೆ ಮಾತ್ರ.
ಸಂಜೆ ಅಲ್ಲಿ ಹದಿನಾಲ್ಕು ಬೆನ್ನು, ಹದಿನಾಲ್ಕು ಮನೆ.
ಮಗಳು ಕೇಳುತ್ತಾಳೆ: ಇವತ್ತು ಏನು ಕಾದೆ, ಅಪ್ಪಾ?
ಕೋಲು, ಎನ್ನುತ್ತಾನೆ.
ಅದು ಓಡಿಹೋಗುತ್ತದಾ?

ಮುಳ್ಳುತಂತಿಯಾಚೆ, ಅದೇ ಏರಿಯ ಮರೆಗೆ
ಪ್ಲಾಸ್ಟಿಕ್ ಹೊದ್ದ ಸಾವಿರಾರು ಗುಡಿಸಲು.
ಅಲ್ಲಿಂದ ಬರುತ್ತಾಳೆ ನ್ಯಾಲುವಾಕ್.
ಹೆಸರಿಗೆ ಕೊಟ್ಟಿಗೆಯ ಹುಡುಗಿ ಎಂದರ್ಥ.
ಹುಡುಗಿಗೀಗ ಅರವತ್ತು ದಾಟಿದೆ, ಕೊಟ್ಟಿಗೆ ನೀರಡಿಗಿದೆ.
ಹನ್ನೊಂದು ಹಸುಗಳ ಹೆಸರು ಬಾಯಲ್ಲಿ,
ಹತ್ತು ಗೂಟ ಗೋಣಿಯಲ್ಲಿ.
ಹನ್ನೊಂದನೆಯದನ್ನು ನೀರಿನಂಚಿಗೆ ಬಡಿದು
ದಿನವೂ ಬಂದು ಅದರ ಮುಂದೆ ಕೂರುತ್ತಾಳೆ.

ಮಾಲೆ, ಎನ್ನುತ್ತಾಳೆ ಅವನಿಗೆ.
ನುವೇರರಲ್ಲಿ ಅದು ನಮಸ್ಕಾರ, ಶಾಂತಿಯೂ ಅದೇ.
ಗಂಜೋರಿಗ್‌ಗೆ ಕೇಳಿಸಿದ್ದು ‘ಮಾಲ್’,
ಅವನ ಮಾತಿನಲ್ಲಿ ದನ, ಕುರಿ, ಒಂಟೆ, ಕುದುರೆ ಎಲ್ಲಕ್ಕೂ ಸೇರಿ ಒಂದೇ ಹೆಸರು.
ಮೊದಲ ದಿನ ಅವನು
ಎಲ್ಲಿ, ಎಲ್ಲಿ ಎಂದು ಸುತ್ತ ನೋಡಿದ್ದ.
ಅವಳೂ ನೋಡಿದ್ದಳು.

ಮೊನ್ನೆ ಕೋಲು ಹೇಳಿತು: ನೀರು ಆರು ಇಳಿದಿದೆ.
ಅಡುಗೆಮನೆಯಲ್ಲಿ ಚಪ್ಪಾಳೆ. ರಾತ್ರಿಯ ಮರಳುಚೀಲದ ಪಾಳಿ ರದ್ದು.
ಅವಳು ತಂತಿ ಅಲುಗಿಸಿ ಕೂಗಿದಳು.
ದುಭಾಷಿ ಗಾತ್ವೆಚ್ ಹಲ್ಲುಜ್ಜುತ್ತಲೇ ಬಂದ:
ಇಳಿದಿಲ್ಲವಂತೆ. ಏರಿದೆಯಂತೆ.
ಯಾರೋ ನಿಮ್ಮ ಕೋಲಿಗೆ ದೋಣಿ ಕಟ್ಟಿದ್ದರಂತೆ,
ಅಲೆ ಜಗ್ಗಿ ಜಗ್ಗಿ ಕೋಲು ಮೇಲೆದ್ದಿದೆಯಂತೆ.
ಹಸು ಕಟ್ಟಿದವರಿಗೆ ಗೊತ್ತಂತೆ.
ನೆಟ್ಟಗೆ ಬಡಿದ ಗೂಟ ನಿಲ್ಲುವುದಿಲ್ಲವಂತೆ.

ಅವಳ ಗೂಟ ಓರೆಗಿತ್ತು, ಎಳೆತಕ್ಕೆ ಬೆನ್ನು ಕೊಟ್ಟು.
ನೀರು ಅದರ ತಲೆಯ ಹತ್ತಿರ.

ಆ ರಾತ್ರಿ ಎಲ್ಲರೂ ಮರಳು ಹೊತ್ತರು.
ಅಡೊಂಗೊ, ದಾವಾ, ಹಲ್ಲುಪುಡಿ ಮೆತ್ತಿದ ಗಾತ್ವೆಚ್,
ಗುಡಿಸಲುಗಳಿಂದ ಬಂದ ಹುಡುಗರು.
ಏರಿ ಒಂದು ಕಡೆ ಬೆವರಿತು, ಒಡೆಯಲಿಲ್ಲ.
ಬೆಳಗಾಗುವಾಗ ಅವಳೇ ಗೋಣಿ ಬಿಚ್ಚಿ
ಇನ್ನೊಂದು ಗೂಟ ತೆಗೆದುಕೊಟ್ಟಳು.
ಹೇಗೆ ಬಡಿಯಬೇಕು ಎಂದು ಅವನ ಮಣಿಕಟ್ಟು ಹಿಡಿದು ತೋರಿಸಿದಳು.
ಯಾವ ಹಸುವಿನದು, ಹೇಳಿದಳು. ಗಾತ್ವೆಚ್ ಅದನ್ನು ಅನುವಾದಿಸಲಿಲ್ಲ.

ವೇಳೆ: ಐದೂವರೆ. ದಿಕ್ಕು: ತಂತಿಯಾಚೆ.
ಎಷ್ಟು ಮಂದಿ: ಒಬ್ಬಳು.
ಆಯುಧ ಇತ್ತೆ?
ಪೆನ್ನು ಹಿಡಿದು ತುಸು ಹೊತ್ತು ಕೂತ.
ಹೊರಗೆ ಪಂಪು ಕೆಮ್ಮಿತು, ನಿಂತೇಬಿಟ್ಟಿತೇ ಎನ್ನುವಷ್ಟರಲ್ಲಿ
ಮತ್ತೆ ಶುರುವಾಯಿತು.
ಇತ್ತು, ಎಂದು ಬರೆದ. ಹತ್ತರಲ್ಲಿ ಒಂದು ನಮಗೆ ಕೊಟ್ಟಳು.