ಗೀಟು ಎಳೆದ ವರ್ಷಗಳು

ಹಕೊದಾತೆ ಬಂದರಿನ ಮೇಲಿನ ಮನೆಯಲ್ಲಿ ತೊಮೊಎ ಭಾಗಿಸುತ್ತಾಳೆ.
ಬೆಲೆ ಮೇಲೆ, ಗಳಿಕೆ ಕೆಳಗೆ.
ಮೂವತ್ತೊಂದು ವರ್ಷ ಬಂದರು ಬ್ಯಾಂಕಿನ ಮೂರನೇ ಕಿಟಕಿಯಲ್ಲಿ
ಬೊಂಡಾಸದ ವಾಸನೆಯ ನೋಟು ಎಣಿಸಿದ ಬೆರಳು.
ಬೀಳ್ಕೊಡುಗೆಗೆ ಗೋಡೆ ಗಡಿಯಾರ,
ಸಂಬಳದಲ್ಲಿ ಹಿಡಿದುಕೊಂಡು ಕೊಟ್ಟ ಐನೂರು ಷೇರು.
ಗಡಿಯಾರ ಎಂದೋ ನಿಂತಿತು.

ಪುಸ್ತಕದ ಮೊದಲ ಹಾಳೆಯಲ್ಲಿ ಅರವತ್ತೆರಡು.
ಬ್ಯಾಂಕು ಇವತ್ತಿನಷ್ಟೇ ದುಡಿಯುತ್ತ ಹೋದರೆ
ಕೊಟ್ಟ ಕಾಸು ಹುಟ್ಟಲು ಅರವತ್ತೆರಡು ಚಳಿಗಾಲ ಬೇಕು.
ಆಗ ಯಾರೂ ಹಾಗೆ ಓದಲಿಲ್ಲ.
"ಅದು ಜನರ ನಂಬಿಕೆ" ಅಂದಿದ್ದ ಮ್ಯಾನೇಜರ್ ಇವಾಬುಚಿ,
ಅವಳ ಬಟ್ಟಲಿಗೂ ಸಾಕೆ ಬಗ್ಗಿಸುತ್ತ.

ಆಮೇಲೊಂದು ವರ್ಷ ನಾನೂರ ಹತ್ತು!
ಐಸ್ ಕಾರ್ಖಾನೆಯ ಶಿರಾತೊರಿ ಕಣ್ಣರಳಿಸಿದ:
"ಇಷ್ಟು ದುಬಾರಿಯೇ ನಮ್ಮ ಬ್ಯಾಂಕು?"
ಅಲ್ಲ ಮಾರಾಯ. ಬೆಲೆ ಬಿದ್ದಿತ್ತು,
ಗಳಿಕೆ ಅದಕ್ಕಿಂತ ಬೇಗ ಬಿದ್ದಿತ್ತು.
ನೀರು ಇಳಿದ ಮೇಲೆ
ದೋಣಿ ಎತ್ತರ ಕಾಣುತ್ತದೆ.

ಮರುವರ್ಷ ನಷ್ಟ. ನಷ್ಟದಿಂದ ಭಾಗಿಸಿ ಏನು ಹೇಳುವುದು?
ಒಂದು ಅಡ್ಡಗೀಟು.
ಅದರ ಕೆಳಗೆ ಇನ್ನೊಂದು, ಮತ್ತೊಂದು.
ಪುಸ್ತಕದಲ್ಲಿ ಸಂಖ್ಯೆಯೇ ಇಲ್ಲದ ಆ ಮೂರು ವರ್ಷ
ಅವಳಿಗೆ ಬಾಯಿಪಾಠ:
ಅಡವಿಟ್ಟ ದೋಣಿಯ ಕೀಲಿಯನ್ನು ಒಬ್ಬ
ಕೌಂಟರಿನ ಮೇಲೆ ಇಟ್ಟದ್ದು,
ರಶೀದಿ ಕೇಳಿದ್ದು,
ಅವಳು ಬರೆದುಕೊಟ್ಟದ್ದು.

ಮುಂದೆ ಒಂಬತ್ತು, ಏಳು, ಆರು.
ತಂಗಿಯ ಮಗಳು ಚಿಹಾಯ ಸಪ್ಪೊರೊದಿಂದ ಫೋನು ಮಾಡಿ
"ಅಗ್ಗ, ದೊಡ್ಡಮ್ಮ, ಇನ್ನಷ್ಟು ತಗೋ" ಅಂದಳು.
ಯಾವ ವರ್ಷದ ಗಳಿಕೆಗೆ ಅಗ್ಗ?
ಬ್ಯಾಂಕು ಚೆನ್ನಾಗಿ ದುಡಿದಂತೆ ಕಾಣುವುದು
ಬಾರದ ಸಾಲವನ್ನು ಇನ್ನೂ ಬಾರದ್ದು ಎಂದು
ಬರೆಯದ ವರ್ಷದಲ್ಲಿ.
ಇದನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ.
"ಚಳಿ ಹೇಗಿದೆ ಅಲ್ಲಿ?" ಅಂದಳು.

ಈ ಸಲ ಹನ್ನೊಂದು. ಹೋದ ಸಲವೂ ಹನ್ನೊಂದು.
ಬಡ್ಡಿ ಮರಳಿ ಬಂದಿದೆ, ಗಳಿಕೆ ಏರಿದೆ,
ಬೆಲೆಯೂ ಹಿಂದೆಯೇ ಓಡಿದೆ;
ಉತ್ತರ ಮಾತ್ರ ಕದಲಿಲ್ಲ.
ಕಿಟಕಿಯಾಚೆ ಸಮುದ್ರದಲ್ಲಿ ಬೊಂಡಾಸದ ದೀಪಗಳು.
ಹಿಂದೆ ಎಣಿಸಲಾಗುತ್ತಿರಲಿಲ್ಲ.
ನಾಲ್ಕು.
ಇಲ್ಲ, ಅದು ಲಂಗರು ಹಾಕಿದ ಹಡಗು. ಮೂರು.

ಬೆಲೆಯನ್ನು ಶಾಯಿಯಲ್ಲಿ ಬರೆದಳು;
ಯಾರೋ ಒಬ್ಬರು ಅಷ್ಟು ಕೊಟ್ಟದ್ದಂತೂ ನಿಜ.
ಗಳಿಕೆಯನ್ನು ಎಂದಿನಂತೆ
ಪೆನ್ಸಿಲ್ಲಿನಲ್ಲಿ.