ಹಾಸಿಗೆ ಹದಿನಾಲ್ಕರ ವರದಿ

ಎರಡು ಕಾಲಂ ಎಳೆ ಎಂದರು ಸಿಸ್ಟರ್ ಬೆನಡಿಕ್ಟಾ:
ರೋಗಿ ಹೇಳಿದ್ದು ಎಡಕ್ಕೆ, ನೀನು ಹೇಳಿದ್ದು ಬಲಕ್ಕೆ,
ಒಂದಕ್ಷರ ಕೂಡಿಸದೆ, ಕಳೆಯದೆ.
ಮೌನವನ್ನು ಎಲ್ಲಿ ಬರೆಯಲಿ ಎಂದೆ.
ಅವರು ಕನ್ನಡಕ ಒರೆಸಿಕೊಂಡರು.

ಎದೆಯ ಮೇಲೆ ಬಿಲ್ಲೆ: ಮೋಝೆಲ್ ಚಿಂಚೋಳ್ಕರ್,
ಆಧ್ಯಾತ್ಮಿಕ ಆರೈಕೆ, ತರಬೇತಿಯಲ್ಲಿ.
ಹೆಬ್ಬಾಳದ ಆಸ್ಪತ್ರೆ, ಮೂರನೇ ಮಹಡಿ,
ಕಿಟಕಿಯಾಚೆ ವಿಮಾನಕ್ಕೆ ಓಡುವವರ ಫ್ಲೈಓವರು.

ಹದಿನಾಲ್ಕರಲ್ಲಿ ಚೌಡಪ್ಪ, ಬಿಟಿಎಸ್ ಕಾಲದ ಕಂಡಕ್ಟರು.
ಮೂಗಿಗೆ ನಳಿಕೆ. ಬೆರಳ ಸಂದಿ ಈಗಲೂ
ಉದ್ದುದ್ದ ಮಡಚಿದ ನೋಟಿಗೆ ಕಾದಂತೆ ಬಿಚ್ಚಿಕೊಂಡಿದೆ.
ನೋವು ಎಷ್ಟು, ಹತ್ತಕ್ಕೆ? ನಿದ್ದೆ? ಮನೆಯವರು?
ದೇವರ ಮೇಲೆ ಸಿಟ್ಟು?
ಪಟ್ಟಿಯಲ್ಲಿದ್ದದ್ದನ್ನೆಲ್ಲ ಕೇಳಿದೆ.

"ಯಾವ ಜನ ತಾಯಿ ನೀವು?"
ಯೆಹೂದ್ಯರು.
"ಎಷ್ಟು ಮಂದಿ ಇದೀರಿ ಊರಲ್ಲಿ?"
ಒಂದು ಬಸ್ಸೂ ತುಂಬಲ್ಲ.
"ಹಂಗಾದ್ರೆ ನಿಂತ್ಕೊಳ್ಳೋರೇ ಇಲ್ಲ ಬಿಡಿ,
ಎಲ್ರಿಗೂ ಸೀಟು."

ನಕ್ಕೆ. ನಗು ಮುಗಿಯುವ ಮೊದಲೇ ಅಪ್ಪ.
ಮೈಸೂರು ರಸ್ತೆಯ ಸ್ಮಶಾನ,
ಮಣ್ಣು ಹಾಕಲು ಬಂದ ಗಂಡಸರು ಏಳು;
ಕದ್ದೀಶ್ ಹೇಳಲು ಹತ್ತು ಬೇಕು.
ಆಟೊದವನು ಚಪ್ಪಲಿ ಬಿಟ್ಟು ಬಂದು ನಿಂತ,
ಅವನು ಲೆಕ್ಕಕ್ಕಿಲ್ಲ. ಮಗಳು, ನಾನೂ ಇಲ್ಲ.
ಹೇಳದೆ ಉಳಿದದ್ದು ಇನ್ನೂ ದವಡೆಯಲ್ಲಿದೆ,
ಅಡಿಕೆ ಚೂರಿನ ಹಾಗೆ.

ಮರಾಠಿಯಲ್ಲಿ ಬೈದು ಹೀಬ್ರೂವಿನಲ್ಲಿ ಮಲಗಿಸುತ್ತಿದ್ದಳು ಅಜ್ಜಿ,
ಅಂಗೈಯಿಂದ ನನ್ನ ಕಣ್ಣು ಮುಚ್ಚಿ: ಶೆಮಾ.
ಶೆಮಾ ಅಂದರೆ ಕೇಳು.
ನಮ್ಮ ಕನ್ನಡದಲ್ಲಿ ಆ ಮಾತಿಗೆ ಎರಡು ಬಾಗಿಲು;
ಮೂರು ತಿಂಗಳು ಇತ್ತಲ ಬಾಗಿಲಲ್ಲೇ ನಿಂತು
ಕೇಳಿದ್ದೇ ಕೇಳಿದ್ದು.

ಪಟ್ಟಿ ಮಡಚಿಟ್ಟೆ.
ಆಮ್ಲಜನಕದ ಬುಡ್ಡಿಯಲ್ಲಿ ನೀರು ಗುಳುಗುಳು.
ಆಯಾ ಬಂದು ನೆಲ ಒರೆಸಿ, ನನ್ನ ಕಾಲೆತ್ತಿಸಿ, ಹೋದಳು.
ಆಮೇಲೆ ಅವರೇ: ಯಶವಂತಪುರದ ತಿರುವು, ಮಳೆ,
ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟಿದ್ದ ಹುಡುಗ.
"ರೈಟ್ ಅಂದೋನು ನಾನೇ ತಾಯಿ.
ಡ್ರೈವರ್ ಮೇಲೆ ಹೋಯ್ತು ಕೇಸು."
ಎಂಬತ್ತೇಳನೇ ಇಸವಿ. ಹೆಂಡತಿಗೂ ಹೇಳಿರಲಿಲ್ಲವಂತೆ.

ಸಮಾಧಾನದ ಮಾತು ಮೂರಿದ್ದವು ನನ್ನ ಬಳಿ, ಬಾಯಿಪಾಠ.
ಒಂದೂ ಹೊರಡಲಿಲ್ಲ.

ಏಳುವಾಗ ಸೆರಗಿನ ತುದಿ ಹಿಡಿದರು:
"ನಾಳೆ ಬನ್ನಿ. ಚಿಲ್ಲರೆ ಬಾಕಿ ಇದೆ."
ಯಾರು ಯಾರಿಗೆ, ಹೇಳಲಿಲ್ಲ.

ಎಡಗಡೆ ಕಾಲಂ ಅಲ್ಲಿಗೆ ನಿಂತಿದೆ ಸಿಸ್ಟರ್.
ಬಲಗಡೆ ಬರೆದಿಲ್ಲ.
ಕೂತಿದ್ದೆ.